ಪಟ್ಟಿಯಲ್ಲಿದ್ದ ಪಾಠ

ನಮ್ಮಪ್ಪ ರೀಲರ್. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ತಂದ ಗೂಡೆಷ್ಟು, ಸೌದೆಗೆಷ್ಟು, ಕೂಲಿಗೆಷ್ಟು ಎಂಬುದೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿರುತ್ತಿತ್ತು. ತಿಂಗಳ ಕೊನೆಗೆ ಉಳಿದದ್ದೆಷ್ಟು ಎಂದು ಕೇಳಿದರೆ, "ಸಾಲ ಬೆಳೆದಿಲ್ಲ ಅಂದ್ರೆ ಉಳಿದಂಗೇ" ಅನ್ನುತ್ತಿದ್ದರು.

2021ರಲ್ಲಿ ನಾನು ಬಿ.ಎ.ಗೆ ಸೇರಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಕರ್ನಾಟಕ ಪದವಿಗೆ ತಂದ ವರ್ಷ ಅದು. ಇತಿಹಾಸ, ಅರ್ಥಶಾಸ್ತ್ರ ಓದುವವರೂ ಬೇರೆ ವಿಭಾಗದ ಒಂದು ವಿಷಯವನ್ನು ಓಪನ್ ಎಲೆಕ್ಟಿವ್ ಆಗಿ ತೆಗೆದುಕೊಳ್ಳಬಹುದಿತ್ತು. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಲೆಕ್ಕಪತ್ರ ಕಂಡದ್ದೇ ಹೆಸರು ಬರೆಸಿದೆ.

ಪಾಠಕ್ಕೆ ಬಂದವರು ಅತಿಥಿ ಉಪನ್ಯಾಸಕರು. ಜಮೆ, ಖರ್ಚು ಎರಡೂ ಕಡೆ ಬರೆಯುವುದನ್ನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಅಷ್ಟರಲ್ಲಿ ಡಿಸೆಂಬರ್ ಬಂತು. ಸೇವಾ ಭದ್ರತೆ ಕೇಳಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ನಾವು ದಿನವೂ ಹೋಗಿ, ಖಾಲಿ ಕೊಠಡಿಯಲ್ಲಿ ಕೂತು, ಬಸ್ಸಿನ ಹೊತ್ತಿಗೆ ಏಳುತ್ತಿದ್ದೆವು. ಅವರ ಮೇಲೆ ಸಿಟ್ಟು ಬರುತ್ತಿತ್ತು. ಅರ್ಹತೆ ಇದ್ದವರಿಗೂ ತಿಂಗಳಿಗೆ 13 ಸಾವಿರವೇ ಎಂದು ತಿಳಿದ ಮೇಲೆ ಆ ಸಿಟ್ಟು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ನೂಲು ತೆಗೆಯುವವರ ಕೂಲಿ ನನಗೆ ಗೊತ್ತಿತ್ತಲ್ಲ.

2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಗರಿಷ್ಠ 32 ಸಾವಿರಕ್ಕೆ ಏರಿಸಿತು. ಜೊತೆಗೆ ಒಬ್ಬೊಬ್ಬರಿಗೆ ವಾರಕ್ಕೆ 15 ಗಂಟೆಯ ಪಾಠ ಎಂದಿತು. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಕೈಗೆ ಹೋಯಿತು. ನಮ್ಮ ಮೇಷ್ಟ್ರು ಕೆಲಸ ಕಳೆದುಕೊಂಡವರಲ್ಲಿ ಒಬ್ಬರು. ಲೆಕ್ಕಪತ್ರಕ್ಕೆ ಹೆಸರು ಕೊಟ್ಟಿದ್ದ ನಮ್ಮನ್ನೆಲ್ಲ, ಮೇಷ್ಟ್ರಿದ್ದ ಬೇರೊಂದು ವಿಷಯಕ್ಕೆ ಸೇರಿಸಿದರು. "ಯಾವುದಾದರೇನಪ್ಪ, ಕ್ರೆಡಿಟ್ ಬಂದ್ರೆ ಸಾಕಲ್ವ?" ಎಂದರು ಕಚೇರಿಯಲ್ಲಿ. ಕ್ರೆಡಿಟ್ ಬಂತು.

2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರಕ್ಕೆ ಮರಳಿತು. ಎಲ್ಲರೂ ಮೂರೋ ನಾಲ್ಕೋ ಎಂದು ವಾದಿಸಿದರು. ಪಟ್ಟಿಯಲ್ಲಿದ್ದ ಪಾಠಕ್ಕೆ ಮೇಷ್ಟ್ರಿದ್ದಾರೆಯೇ ಎಂಬುದು ನನ್ನ ಪ್ರಶ್ನೆ.

ಆ ಮೇಷ್ಟ್ರು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. "ಎಲ್ಲಿಗೆ ನಿಲ್ಸಿದ್ವಿ?" ಎಂದು ಅವರೇ ಕೇಳಿದರು. ಬಸ್ ಬರುವವರೆಗೆ ನನ್ನ ನೋಟ್ಸಿನ ಹಿಂದೆ ಗೆರೆ ಎಳೆದು ಸಾಲದ ಖಾತೆ ಹೇಳಿಕೊಟ್ಟರು.

ಆ ರಾತ್ರಿ ಅಪ್ಪನ ಕ್ಯಾಲೆಂಡರನ್ನು ಪುಸ್ತಕಕ್ಕಿಳಿಸಿದೆ. ಆ ತಿಂಗಳು ನಷ್ಟವಾಗಿತ್ತು. ಅಪ್ಪ ಸುಮ್ಮನೆ ನೋಡಿ, "ಹಿಂದಿನ ತಿಂಗಳದ್ದೂ ಬರಿ" ಎಂದರು.