ತಕ್ಕಡಿ ಹತ್ತಿದ ಮೇಲೆ ವಿಮಾನ

ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಎಂದ ಹಿರಿಯರು ತೂಕದ ವಿಷಯವನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಅವರ ಕಾಲದಲ್ಲಿ ಮನುಷ್ಯನನ್ನು ತಕ್ಕಡಿಗೆ ಏರಿಸುತ್ತಿದ್ದದ್ದು ತುಲಾಭಾರದಲ್ಲಿ ಮಾತ್ರ. ಅಲ್ಲೂ ದೇವರಿಗೆ ಬೆಲ್ಲ ಎಷ್ಟಾಯಿತು ಎಂಬ ಮಾತಿನಲ್ಲಿ ಏರಿದವನ ಮರ್ಯಾದೆ ಉಳಿದುಕೊಳ್ಳುತ್ತಿತ್ತು. ಪಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಈ ದಾಕ್ಷಿಣ್ಯವಿಲ್ಲ.

ಆ ದೇಶದ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಎರಡನೇ ದೊಡ್ಡ ಊರಾದ ಲಾಯೆಗೆ ರಸ್ತೆಯೇ ಇಲ್ಲ. ಒಳನಾಡಿನ ಎಷ್ಟೋ ಹಳ್ಳಿಗಳಿಗೆ ಹೊರಗಿನ ಲೋಕವೆಂದರೆ ಬೆಟ್ಟದ ಓರೆಯಲ್ಲಿ ಹುಲ್ಲು ಕತ್ತರಿಸಿ ಮಾಡಿಕೊಂಡ ಒಂದು ಪಟ್ಟಿ, ಅದರ ಮೇಲೆ ಬಂದಿಳಿಯುವ ಒಂಟಿ ಎಂಜಿನ್ನಿನ ಸೆಸ್ನಾ. ನಮ್ಮಲ್ಲಿ ವಿಮಾನ ಹತ್ತಿದವರು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಾರೆ. ಅಲ್ಲಿ ಬರಿಗಾಲಿನ ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ.

ಆದರೆ ಹತ್ತುವ ಮುಂಚೆ ತೂಗಿಸಿಕೊಳ್ಳಬೇಕು. ಬ್ಯಾಗು ಬೇರೆ, ಧಣಿ ಬೇರೆ ಅನ್ನುವ ಪದ್ಧತಿಯಿಲ್ಲ. ಹೆಗಲ ಮೇಲಿನ ಗಂಟೂ ಸೇರಿ ಒಂದೇ ಲೆಕ್ಕ. ಏಜೆಂಟ್ ನನ್ನ ಅಂಕಿಯನ್ನು ಗಟ್ಟಿಯಾಗಿ ಕೂಗಿದ. ಕಾಫಿ ಮೂಟೆಗಳ ಮೇಲೆ ಕೂತಿದ್ದ ಹುಡುಗರು ಅದನ್ನೇ ರಾಗ ಎಳೆದು ಇನ್ನೊಮ್ಮೆ ಹೇಳಿದರು. ಗೊರೋಕಾದಲ್ಲಿ ಮೇಷ್ಟ್ರಾಗಿರುವ ನನ್ನ ಭಾವಮೈದುನ, "ಉಸಿರು ಬಿಗಿಹಿಡಿದರೆ ಮುಳ್ಳು ಇಳಿಯಲ್ಲ ಭಾವ, ಕೆಳಗೆ ಬನ್ನಿ" ಅಂದ.

ಪೈಲಟ್ಟಿನ ಕಷ್ಟ ಕೇಳಿದರೆ ಈ ಸಿಟ್ಟು ಇಳಿಯುತ್ತದೆ. ಪಟ್ಟಿ ಚಿಕ್ಕದು, ಓರೆ ಬೇರೆ. ನೂರು ಅಡಿಗೆ ಹತ್ತು ಅಡಿಗಿಂತ ಹೆಚ್ಚು ಏರುವಂಥವೂ ಇವೆ. ಆದ್ದರಿಂದ ಇಳಿಯುವುದು ಯಾವಾಗಲೂ ಏರುಮುಖವಾಗಿ, ಹಾರುವುದು ಇಳಿಮುಖವಾಗಿ. ತಲೆಯ ಕಡೆ ಬೆಟ್ಟ ನಿಂತಿರುವುದರಿಂದ ಒಂದು ಹಂತ ದಾಟಿದ ಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ, ಇಳಿಯಲೇಬೇಕು. ಎತ್ತರದಲ್ಲಿ ಗಾಳಿ ತೆಳು, ಬಿಸಿಲೇರಿದಂತೆ ಇನ್ನೂ ತೆಳು. ರೆಕ್ಕೆಗೆ ಸಿಗುವ ಆಸರೆ ಅಷ್ಟು ಕಮ್ಮಿ. ರಾತ್ರಿ ಮಳೆ ಬಂದಿದ್ದರೆ ನೆಲ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲದರ ನಡುವೆ ಅವನ ಕೈಯಲ್ಲಿ ಇರುವುದು ಒಂದೇ, ಭಾರ.

ಭಾರದ ಮಾತಿಗೆ ಆ ನಾಡಿನಲ್ಲಿ ಕಥೆಗಳಿಗೇನು ಬರ! 1937ರ ಜುಲೈ 2ರಂದು ಅಮೇಲಿಯಾ ಇಯರ್‌ಹಾರ್ಟ್ ಹೊಟ್ಟೆತುಂಬ ಇಂಧನ ತುಂಬಿಸಿಕೊಂಡು ಹಾರಿದ್ದು ಲಾಯೆಯಿಂದಲೇ. ಪಟ್ಟಿ ಮುಗಿಯುವಲ್ಲಿ ಸಮುದ್ರ. ಆಕೆ ಹೇಗೋ ಮೇಲೇರಿದಳು, ಆಮೇಲೆ ಕಾಣಲೇ ಇಲ್ಲ. ಅದಕ್ಕೂ ಐದಾರು ವರ್ಷ ಮೊದಲು ಅದೇ ಲಾಯೆಯಿಂದ ಬುಲೋಲೊ ಕಣಿವೆಗೆ, ಚಿನ್ನ ಬಗೆಯುವ ಡ್ರೆಜರ್‌ಗಳನ್ನು ಬಿಡಿಬಿಡಿಯಾಗಿಸಿ ಯುಂಕರ್ಸ್ ವಿಮಾನಗಳಲ್ಲಿ ಸಾಗಿಸಿದ್ದರು. ಬಾಗಿಲಲ್ಲಿ ಹಿಡಿಸದ ತುಂಡುಗಳನ್ನು ವಿಮಾನದ ನೆತ್ತಿ ತೆರೆದು ಕ್ರೇನಿನಿಂದ ಇಳಿಬಿಡುತ್ತಿದ್ದರಂತೆ. ಕಾಡಿನ ನಡುವೆ ಹಡಗಿನಂಥ ಯಂತ್ರ ಎದ್ದು ನಿಂತಿತು, ರಸ್ತೆ ಇಲ್ಲದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಮೌಂಟ್ ಹಾಗೆನ್ ಕಥೆ. 1933ರಲ್ಲಿ ಚಿನ್ನ ಹುಡುಕುವ ಲೀಹಿ ಸಹೋದರರೂ ಜಿಮ್ ಟೇಲರ್ ಎಂಬ ಅಧಿಕಾರಿಯೂ ಅಲ್ಲಿಗೆ ಬಂದಾಗ ನೆಲ ಗಟ್ಟಿಮಾಡಲು ರೋಲರ್ ಎಲ್ಲಿಂದ ತರುವುದು? ಊರವರೇ ಸಾಲಾಗಿ ತೋಳು ಹೆಣೆದು, ಹಾಡುತ್ತ ಕುಣಿದು ನೆಲ ತುಳಿದರು. ಮೊದಲ ವಿಮಾನ ಆ ಹೆಜ್ಜೆಗಳ ಮೇಲೆ ಇಳಿಯಿತು. ಇಂದಿಗೂ ಅನೇಕ ಕಡೆ ಹುಲ್ಲು ಕತ್ತರಿಸುವುದು, ಚರಂಡಿ ಬಿಡಿಸುವುದು ಊರವರ ಕೈಯಲ್ಲೇ. ನಾನು ಕಂಡ ಪಟ್ಟಿಯಲ್ಲಿ ಹೆಂಗಸರು ಬಾಗಿಸಿದ ಕತ್ತಿ ಬೀಸಿಕೊಂಡು ಸಾಲುಗಟ್ಟಿ ಮುಂದೆ ಸಾಗುತ್ತಿದ್ದರು. ಹಿಂದೆ ಹುಡುಗರು ಕಲ್ಲು ಹೆಕ್ಕುತ್ತಿದ್ದರು. ಹಂದಿಯೊಂದು ನಡು ಪಟ್ಟಿಯಲ್ಲಿ ಮೂತಿಯಿಂದ ನೆಲ ಕೆದರಲು ಶುರುಮಾಡಿದ್ದೇ ತಡ, ನಾಲ್ಕು ದಿಕ್ಕಿನಿಂದ ಬೈಗುಳ ಹಾರಿತು. ಆ ಗುಂಡಿ ಮುಚ್ಚುವವರೆಗೆ ಹಂದಿಯ ಯಜಮಾನನನ್ನು ಬಿಡಲಿಲ್ಲ.

ಮಧ್ಯಾಹ್ನಕ್ಕೆ ಮೋಡ ಕಟ್ಟಿ ಕಣಿವೆ ಮುಚ್ಚುವುದರಿಂದ ಹಾರಾಟವೆಲ್ಲ ಬೆಳಗಿನ ಹೊತ್ತು. ಹಾಗಾಗಿ ನಸುಕಿಗೇ ಊರು ಅಲ್ಲಿ ನೆರೆಯುತ್ತದೆ: ಗೆಣಸು ಸುಡುವವರು, ಸುದ್ದಿ ಕೇಳಲು ಬಂದವರು, ಸುಮ್ಮನೆ ಬಂದವರು. ವಿಮಾನ ಬಂದರೆ ಅಕ್ಕಿ, ಉಪ್ಪು, ಸೋಪು, ಔಷಧಿ ಇಳಿಯುತ್ತದೆ, ಕಾಫಿ ಏರುತ್ತದೆ. ಅವತ್ತು ಬಾಣಂತಿಯೊಬ್ಬಳನ್ನು ಆಸ್ಪತ್ರೆಗೆ ಕಳಿಸಬೇಕು ಎಂದು ಆರೋಗ್ಯ ಕಾರ್ಯಕರ್ತ ರೇಡಿಯೋದಲ್ಲಿ ಹೇಳಿದ್ದ. ವಿಮಾನ ಬರುವ ಮುಂಚೆಯೇ ಏಜೆಂಟ್ ಎರಡು ಮೂಟೆ ಕಾಫಿಯನ್ನು ಪಕ್ಕಕ್ಕೆ ಸರಿಸಿದ. ಯಾರೂ ಚರ್ಚೆ ಮಾಡಲಿಲ್ಲ. ಮೂಟೆಯ ಧಣಿ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಅವನ ಲೆಕ್ಕದಲ್ಲಿ ನಾನು ಒಂದೂವರೆ ಮೂಟೆ, ಅದೂ ಮಾರಾಟವಾಗದ ಮಾಲು.

ಮುಜುಗರ ಕಳೆಯಲು ಭಾವಮೈದುನನ ಮೂಲಕ ಮಾತಿಗೆಳೆದೆ. ನಮ್ಮೂರ ಕಡೆಯೂ ಕಾಫಿ ಬೆಳೆಯುತ್ತಾರೆ ಎಂದೆ. ಮುಖ ಅರಳಿತು. ವಿಮಾನದ ಬಾಡಿಗೆ ಕಿಲೋಗೆ ಎಷ್ಟು ಬೀಳುತ್ತದೆ ಎಂದು ಕೇಳಿದ. ವಿಮಾನವಿಲ್ಲ, ಲಾರಿ ತೋಟದ ಗೇಟಿನವರೆಗೆ ಬರುತ್ತದೆ ಎಂದೆ. ನಂಬದೆ ಎರಡೆರಡು ಸಲ ಕೇಳಿಸಿಕೊಂಡ. ಮಳೆಗಾಲದಲ್ಲೂ? ಮಳೆಗಾಲದಲ್ಲೂ. ಅವನು ನಿಟ್ಟುಸಿರು ಬಿಟ್ಟು, ಹಾಗಾದರೆ ನಿಮ್ಮ ಬೆಳೆಗಾರರಿಗೆ ಯಾವ ತಾಪತ್ರಯವೂ ಇಲ್ಲ ಅಂದ. ಮೂಡಿಗೆರೆಯ ನಮ್ಮ ದೊಡ್ಡಪ್ಪ ಪಕ್ಕದಲ್ಲಿರಬೇಕಿತ್ತು. ಕೂಲಿ, ಕಾಂಡಕೊರಕ, ಆನೆ, ಅಕಾಲದ ಮಳೆ ಅಂತ ಶುರುಹಚ್ಚಿಕೊಂಡಿದ್ದರೆ ಅವತ್ತಿನ ವಿಮಾನ ಹೋಗಿ, ಮಾರನೆಯ ದಿನದ್ದು ಬಂದರೂ ಮುಗಿಯುತ್ತಿರಲಿಲ್ಲ.