ಹುಣಸೆಯ ಪಕ್ಕದಲ್ಲಿ ಟಮಾಟಿ

ಸೊಲ್ಲಾಪುರ ಸೀಮೆಯ ಹಿತ್ತಿಲುಗಳಲ್ಲಿ ಟಮಾಟಿ ಬರುವುದೇ ಒಮ್ಮೆಲೇ. ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟ ಸಸಿ ಸಂಕ್ರಾಂತಿ ದಾಟಿದ ಮೇಲೆ ಹಣ್ಣು ಕೊಡಲು ತೊಡಗಿ, ಶಿವರಾತ್ರಿಯಿಂದ ಯುಗಾದಿಯ ನಡುವೆ ಬುಟ್ಟಿಗಟ್ಟಲೆ ಸುರಿದುಬಿಡುತ್ತದೆ. ಪುಣೆ ಹೆದ್ದಾರಿಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ದುಡಿಯಲು ಹೋಗುವವರ ಮನೆಯ ಹಿಂದಿನ ನಾಲ್ಕು ಮಾರು ಜಾಗವಾಗಲಿ, ಅಕ್ಕಲಕೋಟೆ ತಾಲೂಕಿನ ಬೋರಿ ನದಿಯ ಆಚೀಚೆಗಿನ ಎರೆ ಹೊಲದ ಬದುವಾಗಲಿ, ಪಂಚಾಂಗ ಎರಡಕ್ಕೂ ಒಂದೇ. ಅದಾದ ಮೇಲೆ ಬಿಸಿಲು ತನ್ನ ಕೆಲಸ ಮಾಡುತ್ತದೆ. ಹಗಲಿನ ಶಾಖ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂವು ಉದುರತೊಡಗುತ್ತದೆ. ಸೊಲ್ಲಾಪುರದ ಏಪ್ರಿಲ್ ಮೇ ತಿಂಗಳು 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತವೆ. ಗಿಡದಲ್ಲೇ ಉಳಿದ ಹಣ್ಣು ಕೆಂಪಾಗುವ ಬದಲು ಹಳದಿ ಛಾಯೆಗೆ ನಿಂತುಬಿಡುತ್ತದೆ, ಏಕೆಂದರೆ ಕೆಂಪು ಬಣ್ಣ ಕೊಡುವ ಲೈಕೋಪಿನ್ 30 ಡಿಗ್ರಿಯ ಮೇಲೆ ಸರಿಯಾಗಿ ಕೂಡಿಬರುವುದಿಲ್ಲ. ಹೀಗಾಗಿ ಇಲ್ಲಿಯ ಟಮಾಟಿ ಸುಗ್ಗಿ ಆರೇಳು ವಾರದ್ದು. ಆ ವಾರಗಳಲ್ಲಿ ಮನೆಯವರು ತಿಂದು ಮಿಕ್ಕ ಹಣ್ಣಿನ ಗತಿ ಏನು? ಹುಣಸೆಗೆ ನಾವು ಯಾವ ಉಪಚಾರ ಮಾಡುತ್ತೇವೆಯೋ ಅದೇ ಉಪಚಾರ ಟಮಾಟಿಗೂ ಸಲ್ಲಬೇಕು. ವರ್ಷಕ್ಕೊಮ್ಮೆ, ಬೇಸಿಗೆ ಬಿಸಿಲಿನಲ್ಲಿ, ಇಡೀ ವರ್ಷಕ್ಕಾಗುವಷ್ಟು ಒಣಗಿಸಿಡಬೇಕು ಎಂಬುದು ನನ್ನ ವಾದ.

ಹುಣಸೆಯನ್ನು ಸುಮ್ಮನೆ ಎಳೆದು ತಂದಿಲ್ಲ. ನಮ್ಮ ಸಾರು, ಬ್ಯಾಳಿ, ಪಲ್ಯಗಳಿಗೆ ಹುಳಿ ಕೊಡುತ್ತಿದ್ದದ್ದು ಅದೇ. ಟಮಾಟಿ ಅಮೆರಿಕ ಖಂಡದಿಂದ ಬಂದ ಬೆಳೆ, ಮೆಣಸಿನಕಾಯಿಯ ದಾಯಾದಿ. ಎರಡೂ ಬದನೆಯ ಕುಲದವು, ಎರಡೂ ಸಮುದ್ರ ದಾಟಿ ಬಂದವು. ಆದರೆ ಮೆಣಸಿನಕಾಯಿ ಬಂದೊಡನೆ ಮಾಳಿಗೆ ಹತ್ತಿ ಒಣಗಿತು, ಕುಟ್ಟಿಸಿಕೊಂಡಿತು, ವರ್ಷದ ಖಾರವಾಗಿ ಡಬ್ಬಿ ಸೇರಿತು. ಟಮಾಟಿಗೆ ಆ ಯೋಗ ಬರಲಿಲ್ಲ. ಬಹುಶಃ ಕಾರಣ ಸರಳವಿದೆ. ಒಣಗಿದ ಹುಳಿಯೊಂದು ಮನೆಯಲ್ಲಿ ಮೊದಲೇ ಇತ್ತು, ಇನ್ನೊಂದರ ಅಗತ್ಯ ಬೀಳಲಿಲ್ಲ. ಈಗ ಸ್ಥಿತಿ ಬದಲಾಗಿದೆ. ಸೊಲ್ಲಾಪುರದ ಕನ್ನಡ ಮನೆಯಾಗಲಿ ಮರಾಠಿ ತೆಲುಗು ಮನೆಯಾಗಲಿ, ಒಗ್ಗರಣೆಗೆ ಉಳ್ಳಾಗಡ್ಡಿ ಬಿದ್ದ ಮರುಗಳಿಗೆಗೆ ಟಮಾಟಿ ಬೀಳುತ್ತದೆ. ದಿನನಿತ್ಯದ ಹುಳಿಯ ಜಾಗ ಬಹುಪಾಲು ಅದರದ್ದಾಗಿದೆ. ಹುಣಸೆಯ ಜಾಗವನ್ನು ಕೊಟ್ಟೆವು, ಹುಣಸೆಯ ಹಾಗೆ ಕಾದಿಡುವ ರೂಢಿಯನ್ನು ಮಾತ್ರ ಕೊಡಲಿಲ್ಲ. ಅದರ ಫಲವಾಗಿ ಮಾರ್ಚಿನಲ್ಲಿ ಕೊಳೆತು ತಿಪ್ಪೆಗೆ ಹೋಗುವ ಹಣ್ಣನ್ನೇ ಜುಲೈಯಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಹುಣಸೆ ಬಡಿದು, ಬೀಜ ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟಿಡುವ ಕಾಲವೂ ಇದೇ, ಕುರಡಿಗಿ ಶಾವಿಗೆ ಸಂಡಿಗೆ ಹಾಕುವ ಕಾಲವೂ ಇದೇ. ಹಾಸಿದ ಬಟ್ಟೆ, ಕಾವಲಿಗೆ ಕೂತ ಮಂದಿ, ಮೇಲಿನ ಬಿಸಿಲು ಎಲ್ಲವೂ ಸಿದ್ಧವಿರುವಾಗ ಇನ್ನೊಂದು ಮೊರ ಸೇರಿಸುವುದಷ್ಟೇ ಉಳಿದಿದೆ.

ಲೆಕ್ಕ ಹಾಕಿ ನೋಡೋಣ. ಹಿತ್ತಿಲಲ್ಲಿ 12 ಗಿಡಗಳಿವೆ ಎನ್ನಿ, ಗಿಡಕ್ಕೆ 3 ಕಿಲೊ ಹಿಡಿದರೂ 36 ಕಿಲೊ ಹಣ್ಣು. ಆರು ವಾರ ನಾಲ್ಕು ಜನರ ಮನೆ ವಾರಕ್ಕೆ 3 ಕಿಲೊ ಉಂಡರೆ ಅರ್ಧ ಖರ್ಚಾಗಿ 18 ಕಿಲೊ ಉಳಿಯುತ್ತದೆ. ಟಮಾಟಿಯಲ್ಲಿ ಶೇಕಡಾ 94ರಷ್ಟು ನೀರೇ. ಚೆನ್ನಾಗಿ ಒಣಗಿದರೆ ಸುಮಾರು 15 ಕಿಲೊ ಹಣ್ಣು ಒಂದು ಕಿಲೊಗೆ ಇಳಿಯುತ್ತದೆ. ಅಂದರೆ ಮನೆಯವರನ್ನು ಕಂಗಾಲು ಮಾಡಿದ 18 ಕಿಲೊ ಕೊನೆಗೆ ಒಂದು ಕಿಲೊ ಚಿಲ್ಲರೆಯಾಗಿ ಎರಡು ಗಾಜಿನ ಭರಣಿಯಲ್ಲಿ ಕೂರುತ್ತದೆ. ಇದೇ ಹಣ್ಣನ್ನು ಒಲೆಯ ಮೇಲೆ ಕುದಿಸಿ ಗಟ್ಟಿ ಮಾಡಲು ಹೊರಟರೆ 15 ಲೀಟರಿಗೂ ಹೆಚ್ಚು ನೀರನ್ನು ಆವಿ ಮಾಡಬೇಕು. ಅದಕ್ಕೆ ತಗಲುವ ಗ್ಯಾಸು 14.2 ಕಿಲೊ ಸಿಲಿಂಡರಿನ ಸುಮಾರು ಹತ್ತರಲ್ಲಿ ಒಂದು ಪಾಲು. ಮಾಳಿಗೆಯ ಬಿಸಿಲು ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಇಟಲಿಯ ಸಿಸಿಲಿಯಲ್ಲಿ ಆಗಸ್ಟ್ ಬಿಸಿಲಿಗೆ ಟಮಾಟಿ ರಸಕ್ಕೆ ಉಪ್ಪು ಬೆರೆಸಿ ಹಲಗೆಗಳ ಮೇಲೆ ಹರವಿ, ಕೈಯಾಡಿಸುತ್ತ ಒಣಗಿಸಿ ‘ಸ್ತ್ರಾತ್ತು’ ಎಂಬ ಗಟ್ಟಿ ಮುದ್ದೆ ಮಾಡಿಡುತ್ತಾರೆ. ಆ ದ್ವೀಪಕ್ಕೆ ಸುತ್ತಲೂ ಸಮುದ್ರದ ತೇವ. ಸೊಲ್ಲಾಪುರದ ಮಾರ್ಚ್ ಏಪ್ರಿಲ್ ಗಾಳಿಯಲ್ಲಿ ತೇವವೇ ಕಡಿಮೆ. ನಮಗೆ ಸಿಕ್ಕಿರುವ ಬಿಸಿಲು ಅವರಿಗಿಂತ ಬಿರುಸಿನದು, ಒಣಗಿಸುವ ಕೈಯೂ ನಮ್ಮಲ್ಲಿ ಹಳೆಯದೇ.

ಮಾಡುವ ಕ್ರಮ ಕಷ್ಟದ್ದಲ್ಲ, ಆದರೆ ಒಂದೆರಡು ಕಡೆ ಕಟ್ಟುನಿಟ್ಟು ಬೇಕು. ಗಿಡದಲ್ಲಿ ಹಣ್ಣು ಬಣ್ಣ ತಿರುಗಿದೊಡನೆ ಕಿತ್ತು ಮನೆಯೊಳಗಿನ ತಂಪಿನಲ್ಲಿ ಮಾಗಿಸಿದರೆ ಕೆಂಪು ಚೆನ್ನಾಗಿ ಬರುತ್ತದೆ, ಹಕ್ಕಿಯ ಕಾಟವೂ ತಪ್ಪುತ್ತದೆ. ಕೊಳೆತ, ಹುಳ ಬಿದ್ದ, ಒಡೆದು ಬೂಸ್ಟು ಹಿಡಿದ ಹಣ್ಣು ಬೇಡ. ಅರ್ಧ ಸೆಂಟಿಮೀಟರಿನ ಬಿಲ್ಲೆ ಕೊಯ್ದು, ಲೋಳೆ ಹೆಚ್ಚಿದ್ದರೆ ಬೀಜ ಸಹಿತ ಹಿಂಡಿ ತೆಗೆದು (ಆ ರಸ ಅಂದಿನ ಸಾರಿಗೆ), ಮೇಲೆ ಉಪ್ಪು ಉದುರಿಸಿ, ಒಂದರ ಮೇಲೊಂದು ಬೀಳದಂತೆ ಹರವಬೇಕು. ಉಪ್ಪು ನೀರನ್ನು ಬೇಗ ಹೊರಗೆಳೆಯುತ್ತದೆ, ಬೂಸ್ಟನ್ನೂ ತಡೆಯುತ್ತದೆ. ಕೆಳಗೂ ಗಾಳಿ ಆಡಬೇಕಾದ್ದರಿಂದ ನೆಲಕ್ಕಿಂತ ಬಿದಿರಿನ ತಟ್ಟೆ ವಾಸಿ, ಮೇಲೆ ತೆಳ್ಳನೆ ಬಟ್ಟೆ ಮುಚ್ಚಿರಬೇಕು. ಸಂಜೆ ಒಳಗೆ ತರುವುದನ್ನು ಮರೆಯಬಾರದು, ರಾತ್ರಿಯ ತಂಪು ಒಣಗಿದ್ದನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಮೂರು ನಾಲ್ಕು ಬಿಸಿಲಿಗೆ ಬಿಲ್ಲೆ ಚರ್ಮದ ಹಾಗಾಗುತ್ತದೆ. ಅಲ್ಲಿಗೇ ನಿಲ್ಲಿಸಬಾರದು. ಮುರಿದರೆ ಪಟ್ಟನೆ ಮುರಿಯುವಷ್ಟು ಒಣಗಿದರೆ ಮಾತ್ರ ಮಳೆಗಾಲ ದಾಟುತ್ತದೆ. ಪುಡಿ ಮಾಡಿಟ್ಟರೆ ಅದರೊಳಗಿನ ಸಕ್ಕರೆ ಗಾಳಿಯ ತೇವ ಹೀರಿ ಗಂಟು ಕಟ್ಟುತ್ತದೆ. ಆದ್ದರಿಂದ ಬಿಲ್ಲೆಯಾಗಿಯೇ ಇಟ್ಟು, ತಿಂಗಳಿಗೆ ಬೇಕಾದಷ್ಟನ್ನೇ ಆಗಾಗ ಕುಟ್ಟಿಕೊಳ್ಳುವುದು ಮೇಲು.

ಮೊದಲ ಆಕ್ಷೇಪ ದುಡ್ಡಿನದು. ಪ್ಯಾಟ್ಯಾಗ ವರ್ಷವಿಡೀ ಟಮಾಟಿ ಸಿಗುವಾಗ ಈ ಖಟಪಟಿ ಯಾಕೆ ಎಂದು ಯಾರಾದರೂ ಕೇಳಬಹುದು. ಸಿಗುತ್ತದೆ, ನಿಜ. ಸಿಗುವ ಬೆಲೆ ಮಾತ್ರ ನಮ್ಮ ಕೈಯಲ್ಲಿಲ್ಲ. 2023ರ ಮೇ ತಿಂಗಳಲ್ಲಿ ಇದೇ ಮಹಾರಾಷ್ಟ್ರದ ರೈತರು ಕಿಲೊಗೆ ಒಂದೆರಡು ರೂಪಾಯಿಯೂ ಗಿಟ್ಟದೆ ಟಮಾಟಿಯನ್ನು ರಸ್ತೆಗೆ ಸುರಿದರು. ಜುಲೈ ಹೊತ್ತಿಗೆ ಚಿಲ್ಲರೆ ಬೆಲೆ 100 ರೂಪಾಯಿ ದಾಟಿ ಇನ್ನೂ ಮೇಲೇರಿತು. ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಂದ ಹಣ್ಣು ಕೊಂಡು ದಿಲ್ಲಿ ಮೊದಲಾದ ನಗರಗಳಲ್ಲಿ ಮೊದಲಿಗೆ 90 ರೂಪಾಯಿಗೆ ಕಿಲೊದಂತೆ ಮಾರಿಸಬೇಕಾಯಿತು. ಎರಡು ತಿಂಗಳ ಅಂತರದಲ್ಲಿ ಒಂದೇ ಹಣ್ಣು ಕಸವೂ ಆಯಿತು, ಚಿನ್ನವೂ ಆಯಿತು. ಟಮಾಟಿಯ ಅಡ್ಡಾದಿಡ್ಡಿ ಬೆಲೆ ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. 2018ರ ಬಜೆಟ್ಟಿನಲ್ಲೇ ಟಮಾಟಿ, ಉಳ್ಳಾಗಡ್ಡಿ, ಬಟಾಟಿಗಾಗಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾಗಿತ್ತು. ಐದು ವರ್ಷದ ನಂತರದ ಕಥೆ ಮೇಲೆ ಹೇಳಿದ್ದು. ಗ್ರಾಹಕ ಕೊಡುವ ರೂಪಾಯಿಯಲ್ಲಿ ಟಮಾಟಿ ರೈತನಿಗೆ ಮುಟ್ಟುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನ ಪತ್ರವೊಂದು ಲೆಕ್ಕ ಹಾಕಿದೆ. ಹೀಗಾಗಿ ಮಳೆಗಾಲದಲ್ಲಿ ಮನೆಯ ಭರಣಿ ತೆರೆದು ಅಡುಗೆ ಮಾಡಿದರೆ ರೈತನಿಗೆ ದ್ರೋಹವಾಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲ. ತುಟ್ಟಿ ಕಾಲದ ದುಡ್ಡಿನಲ್ಲಿ ದೊಡ್ಡ ಪಾಲು ನಡುವಿನ ಸರಪಳಿಗೆ ಸೇರಿದ್ದು.

ಅದಕ್ಕಿಂತ ದೊಡ್ಡ ಲೆಕ್ಕ ನೀರಿನದು, ಈ ಸೀಮೆಯಲ್ಲಿ ಮಾತು ಅಲ್ಲಿಗೆ ಬರದೆ ಮುಗಿಯುವಂತಿಲ್ಲ. ಒಂದು ಕಿಲೊ ಟಮಾಟಿ ಬೆಳೆಯಲು ಜಗತ್ತಿನ ಸರಾಸರಿಯಲ್ಲಿ 200 ಲೀಟರಿಗೂ ಸ್ವಲ್ಪ ಹೆಚ್ಚು ನೀರು ಬೇಕೆಂಬ ಅಂದಾಜಿದೆ. ಆ ಲೆಕ್ಕದಲ್ಲಿ ತಿಪ್ಪೆಗೆ ಎಸೆದ 18 ಕಿಲೊ ಹಣ್ಣಿನೊಂದಿಗೆ 3,600 ಲೀಟರಿಗೂ ಹೆಚ್ಚು ನೀರು ಎಸೆದಂತೆ. ಸೊಲ್ಲಾಪುರ ನಗರದಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾದದ್ದುಂಟು, ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ನೋಡುವ ಹಳ್ಳಿಗಳು ಜಿಲ್ಲೆಯಲ್ಲಿ ಹೊಸವಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ್ದನ್ನು ಈ ಊರು ಇವತ್ತಿಗೂ ನಂಬಿ ಪೂಜಿಸುವುದು ನೀರಿನ ಬೆಲೆ ಗೊತ್ತಿರುವುದರಿಂದಲೇ. ಹಿತ್ತಿಲಿಗೆ ಪಾತ್ರೆ ತೊಳೆದ ನೀರನ್ನೇ ಹಾಯಿಸಿದ್ದರೂ ಮಾತು ಬದಲಾಗುವುದಿಲ್ಲ, ಆ ನೀರು ಬೇರೊಂದು ಗಿಡಕ್ಕೆ ಹೋಗಬಹುದಿತ್ತು. ಮಿಕ್ಕಿದ್ದನ್ನು ನೆರೆಯವರಿಗೆ ಹಂಚಿದರಾಯಿತಲ್ಲ ಎನ್ನಬಹುದು. ಹಂಚುವುದೇ ಮೊದಲ ಧರ್ಮ, ಅನುಮಾನವಿಲ್ಲ. ಆದರೆ ನಮ್ಮ ಹಿತ್ತಿಲು ಸುರಿಯುವ ವಾರವೇ ನೆರೆಯವರದೂ ಸುರಿಯುತ್ತದೆ. ಅದೇ ಹಣ್ಣು ಒಣಗಿ ಆಷಾಢದಲ್ಲಿ ಒಂದು ಬಟ್ಟಲು ಅವರ ಮನೆಗೆ ಹೋದರೆ ಹಂಚಿದ್ದಕ್ಕೂ ಅರ್ಥ ಬರುತ್ತದೆ.

ಇದನ್ನೆಲ್ಲ ಕಾರ್ಖಾನೆಗೆ ಬಿಡಬಾರದೇಕೆ, ಪಕ್ಕದಲ್ಲೇ ಎಂಐಡಿಸಿ ಇದೆಯಲ್ಲ ಎಂಬ ಪ್ರಶ್ನೆ ಸಹಜ. ಟಮಾಟಿ ಮುದ್ದೆ ಮಾಡುವ ಉದ್ದಿಮೆಗೆ ತಿರುಳು ದಪ್ಪವಿರುವ, ಘನಾಂಶ ಹೆಚ್ಚಿರುವ ತಳಿ ಬೇಕು. ಒಂದೇ ಬಣ್ಣದ, ಒಂದೇ ಹದದ ಹಣ್ಣು ಲಾರಿಗಟ್ಟಲೆ ನಿಯಮವಾಗಿ ಬರಬೇಕು. ಹಿತ್ತಿಲಿನ ಹಣ್ಣೋ, ಒಂದು ಬುಟ್ಟಿಯಲ್ಲಿ ನಾಲ್ಕು ತಳಿ, ಇವತ್ತು ಎರಡು ಕಿಲೊ ನಾಳೆ ಐದು ಕಿಲೊ. ಇದು ಯಂತ್ರದ ಬಾಯಿಗಲ್ಲ, ಮೊರಕ್ಕೆ ಹೊಂದುವ ಫಸಲು. ಹತ್ತು ಹದಿನೈದು ಮನೆಯವರು ಸ್ವಸಹಾಯ ಸಂಘ ಕಟ್ಟಿಕೊಂಡು ಮಾರಲು ಹೊರಟರೆ ಅದು ಬೇರೆ ಮಾತು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆ ಘಟಕದ ವೆಚ್ಚದ ಶೇಕಡಾ 35ರಷ್ಟನ್ನು ಸಾಲಕ್ಕೆ ಜೋಡಿಸಿ ಸಹಾಯಧನವಾಗಿ ಕೊಡುವ ಏರ್ಪಾಟು ಮಾಡಿತು. ಸೊಲ್ಲಾಪುರದ ಶೇಂಗಾ ಚಟ್ನಿಯೂ ಖಡಕ್ ರೊಟ್ಟಿಯೂ ಮನೆಯ ಒರಳು ಒಲೆಗಳಿಂದಲೇ ಹೊರಟು ದೂರದೂರಿನ ಅಂಗಡಿ ಸೇರಿದವು. ಆ ಸಾಲಿನಲ್ಲಿ ಒಣ ಟಮಾಟಿಗೆ ಜಾಗವಿಲ್ಲ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಕಾರ್ಖಾನೆಯ ಮಾತು ಬಂದಾಗ ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆದ್ದಾರಿಯ ದೂಳು, ಚಿಮಣಿಯ ಹೊಗೆ ಬೀಳುವ ಮಾಳಿಗೆಯ ಮೇಲೆ ತೆರೆದಿಟ್ಟು ಒಣಗಿಸಿದ್ದನ್ನು ಮಕ್ಕಳಿಗೆ ಉಣಿಸಬಾರದು. ಬಟ್ಟೆ ದೂಳನ್ನು ಒಂದಿಷ್ಟು ತಡೆದೀತು, ಹೊಗೆಯನ್ನು ತಡೆಯದು. ಅಂಥಲ್ಲಿ ಗಾಜು ಅಥವಾ ಪಾರದರ್ಶಕ ಹಾಳೆ ಹೊದಿಸಿದ ಮರದ ಪೆಟ್ಟಿಗೆಗೆ ಕೆಳಗೂ ಮೇಲೂ ಜಾಳಿಗೆ ತೂತು ಬಿಟ್ಟು ಮಾಡಿದ ಸೌರ ಒಣಗೂಡು ದೂಳು ತಡೆಯಲು ಉಪಯೋಗಕ್ಕೆ ಬರುತ್ತದೆ, ಒಳಗಿನ ಶಾಖವೂ ಹೆಚ್ಚುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಕಾರ್ಖಾನೆಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರದ ಮನೆಗಳಿಗೆ ಅದೂ ಬೇಡ. ಅವರ ಬುಟ್ಟಿ ರಜೆಯ ದಿನ ಹಳ್ಳಿಯ ಮನೆಯ ಮಾಳಿಗೆಗೆ ಹೋಗಲಿ.

ಜೀವಸತ್ವ ಹಾಳಾಗುತ್ತದೆ ಎಂಬ ಮಾತು ಅರ್ಧ ಸತ್ಯ. ಬಿಸಿಲಿಗೆ ‘ಸಿ’ ಜೀವಸತ್ವ ಬಹಳಷ್ಟು ಹೋಗುತ್ತದೆ, ಅದನ್ನು ನಿಂಬೆ ನೆಲ್ಲಿಯಿಂದ ತುಂಬಿಕೊಳ್ಳಬೇಕು. ಲೈಕೋಪಿನ್ ಬಹುಮಟ್ಟಿಗೆ ಉಳಿಯುತ್ತದೆ, ಎಣ್ಣೆಯಲ್ಲಿ ಬೇಯಿಸಿದಾಗ ಮೈಗೆ ಹೆಚ್ಚು ಹತ್ತುತ್ತದೆ. ಕೋಸಂಬರಿಗೆ ಒಣ ಟಮಾಟಿ ಆಗದು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ದುಡಿಮೆಯದು. ಹಿತ್ತಿಲು, ಮಾಳಿಗೆ, ಉಪ್ಪಿನಕಾಯಿ, ಸಂಡಿಗೆ ಎಲ್ಲವೂ ಹೆಣ್ಣುಮಕ್ಕಳ ತಲೆಯ ಮೇಲೆಯೇ ಬಂದಿವೆ. ಅದಕ್ಕೆ ಇನ್ನೊಂದು ಹೊರೆ ಸೇರಿಸುವ ಸಲಹೆ ಎಷ್ಟೇ ಮಿತವ್ಯಯದ್ದಾಗಿದ್ದರೂ ನ್ಯಾಯದ್ದಲ್ಲ. ಒಣಗಿಸುವ ಕೆಲಸಕ್ಕೆ ಒಂದು ಅನುಕೂಲವಿದೆ. ತೊಕ್ಕಿನ ಹಾಗೆ ತಾಸುಗಟ್ಟಲೆ ಒಲೆಯ ಮುಂದೆ ನಿಂತು ಕೈಯಾಡಿಸುವುದು ಇದರಲ್ಲಿಲ್ಲ. ಕೊಯ್ಯುವುದು ಅರ್ಧ ತಾಸಿನ ಕೆಲಸ, ಹರವುವುದು, ಸಂಜೆ ಎತ್ತಿಡುವುದು, ಅಷ್ಟೇ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದ ಗಂಡಸು ಮಲಗುವ ಮುಂಚೆ ಎರಡು ಕಿಲೊ ಕೊಯ್ದು ಹರವಬಲ್ಲ, ಶಾಲೆಯಿಂದ ಬಂದ ಹುಡುಗರು ಎತ್ತಿಡಬಲ್ಲರು. ಹಾಗೆ ಹಂಚಿಕೊಳ್ಳದ ಮನೆಯಲ್ಲಿ ಹಣ್ಣನ್ನು ಎಮ್ಮೆಗೆ ಹಾಕಿದರೂ ತಪ್ಪಿಲ್ಲ.

ತೊಕ್ಕು ಬೇಡವೆಂದಲ್ಲ. ಗಾಳಿ ಬೀಸಿ ಮೋಡ ಕವಿದ ದಿನ, ಬೇಸಿಗೆಯಲ್ಲಿ ಅಡ್ಡಮಳೆ ಬೀಳುವ ವಾರ, ಅರ್ಧ ಒಣಗಿದ ಬಿಲ್ಲೆಗೆ ಅದೇ ಗತಿ. ಹಣ್ಣನ್ನು ಎಣ್ಣೆಯಲ್ಲಿ ಬೇಯಿಸುವಾಗ ಕೆಂಪು ಖಾರ, ಸಾಸಿವೆ ಮೆಂತ್ಯದ ಪುಡಿ, ಉಪ್ಪಿನ ಜೊತೆ ಹುಣಸೆ ರಸ ಹಾಕುವ ರೂಢಿಯನ್ನು ಯಾರೂ ಬಿಡಬಾರದು. ಈಗಿನ ತಳಿಗಳಲ್ಲಿ ಹುಳಿ ಒಂದೇ ಸಮನಿಲ್ಲ. ಹುಳಿ ಕಡಿಮೆಯಾಗಿ ಪಿಎಚ್ 4.6ಕ್ಕಿಂತ ಮೇಲೆ ಹೋದ, ಗಾಳಿಯಾಡದ ಸೀಸೆಯಲ್ಲಿ ಪ್ರಾಣಕ್ಕೆ ಎರವಾಗುವ ಬಾಟ್ಯುಲಿನಮ್ ಎಂಬ ಸೂಕ್ಷ್ಮಾಣು ಬೆಳೆಯಬಹುದು. ಹುಣಸೆಯೋ ನಿಂಬೆಯೋ ಸೇರಿದರೆ ಹುಳಿ ಏರಿ ಆ ಭಯ ಇಳಿಯುತ್ತದೆ. ಹುಳಿ ಬೆರೆಸದ ಬರೀ ಟಮಾಟಿ ರಸವನ್ನು ಸೀಸೆಗೆ ತುಂಬಿ ಹೊರಗೆ ಇಡುವುದು ಸಲ್ಲದು, ಅದು ಫ್ರಿಜ್ಜಿನೊಳಗೆ ಇದ್ದು ಮೂರ್ನಾಲ್ಕು ದಿನದಲ್ಲಿ ಖರ್ಚಾಗಬೇಕು. ಇನ್ನು ಏಪ್ರಿಲ್ ನಡುವಿಗೆ ಹೂವು ಉದುರುವುದು ಶುರುವಾದಾಗ, ಗಿಡಕ್ಕೆ ನೀರು ಹಾಯಿಸುತ್ತ ಮೇ ತಿಂಗಳವರೆಗೆ ಎಳೆಯುವುದರಲ್ಲಿ ಲಾಭವಿಲ್ಲ. ಕಿತ್ತುಬಿಡಬೇಕು. ಕೀಳುವ ದಿನ ಗಿಡದಲ್ಲಿ ಉಳಿದ ದೊಡ್ಡ ಹಸಿರು ಕಾಯಿಗಳಲ್ಲಿ ಬೆಳ್ಳಗಾಗುತ್ತ ಬಂದವನ್ನು ಹುಲ್ಲಿನಲ್ಲಿ ಮುಚ್ಚಿ ಮಾಗಿಸಿ ಕೊನೆಯ ಮೊರಕ್ಕೆ ಹಾಕಬಹುದು. ತೀರ ಹಸಿರಾದವು ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಎಣ್ಣೆಯಲ್ಲಿ ಬಾಡಿ, ಹುರಿದ ಶೇಂಗಾದೊಂದಿಗೆ ಒರಳಿಗೆ ಬಿದ್ದು ಅಂದಿನ ರೊಟ್ಟಿಗೆ ಚಟ್ನಿಯಾಗಲಿ. ಅದು ಎರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಹಾಗಾಗಿ ಒಂದೇ ಹೊತ್ತಿಗೆ ಆಗುವಷ್ಟನ್ನೇ ಅರೆಯಬೇಕು.