ಉಣ್ಣೆಯ ಚೆಂಡು

ಟೆನ್ನಿಸ್ ಎಂಬ ಆಟವನ್ನು ನಮ್ಮ ಹಂಪಸಾಗರದ ಮಕ್ಕಳು ಟೀವಿಯಲ್ಲಿ ಕಂಡು ಬಲ್ಲರು. 2024ರಲ್ಲಿ ಕೊಡಗಿನ ರೋಹನ್ ಬೋಪಣ್ಣನವರು ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯ ಪುರುಷರ ಜೋಡಿ ಪ್ರಶಸ್ತಿಯನ್ನು ಗೆದ್ದಾಗ ಇಲ್ಲಿಯೂ ಹಿಗ್ಗಿದವರುಂಟು. ಆದರೆ ಅದಕ್ಕೆ ಬೇಕಾಗುವ ಅಂಕಣವೂ ಸಲಕರಣೆಯೂ ಹಳ್ಳಿಯ ಶಾಲೆಗೆ ನಿಲುಕತಕ್ಕವಲ್ಲ. ನಮ್ಮ ಸೀಮೆಯ ಹೈಸ್ಕೂಲುಗಳಲ್ಲಿ ಅದರ ಸ್ಥಾನವನ್ನು ತುಂಬಿರುವುದು ಬಾಲ್ ಬ್ಯಾಡ್ಮಿಂಟನ್. ತಂಜಾವೂರಿನ ಅರಸುಮನೆತನದವರ ವಿನೋದವಾಗಿ ಮೊದಲಾಯಿತೆಂದು ಹೇಳುವ ಈ ಆಟಕ್ಕೆ 24 ಮೀಟರ್ ಉದ್ದ, 12 ಮೀಟರ್ ಅಗಲದ ಸಮನೆಲ, ಸುಣ್ಣದ ಗೆರೆ, ಒಂದು ಬಲೆ, ಬ್ಯಾಟುಗಳು, ಹಳದಿ ಉಣ್ಣೆಯ ಚೆಂಡು ಇಷ್ಟಿದ್ದರೆ ಸಾಕು.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಈ ವರ್ಷ ಶಾಲೆಯ ತಂಡದ ಆಯ್ಕೆಗೆ ನಿಲ್ಲಬೇಕೆಂದು ಹಟ ಹಿಡಿದಿರುವಳು. ತಂಡಕ್ಕೆ ಹತ್ತು ಮಂದಿ. ಅಂಕಣದಲ್ಲಿ ಆಡುವವರು ಐವರು. ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ, ಆಗ ಆಟದ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳರೆಂಬುದನ್ನು ಅವಳು ಚೆನ್ನಾಗಿ ಬಲ್ಲಳು. ಆದುದರಿಂದ ಅವಳ ಪಾಲಿಗೆ ಇದೇ ಮೊದಲು, ಇದೇ ಕಡೆ.

ಟೆನ್ನಿಸ್ ಕಲಿಯುವವರಿಗೆ ಗೋಡೆಯೇ ಗುರುವಾಗಬಲ್ಲದು. ಹೊಡೆದ ಚೆಂಡು ಪುಟಿದು ಮರಳುವುದು. 30 ಗ್ರಾಮಿಗೆ ಮೀರದ ಉಣ್ಣೆಯ ಚೆಂಡಿಗೆ ಆ ಗುಣವಿಲ್ಲ. ನೆಲ ಮುಟ್ಟಿತೆಂದರೆ ಆಟವೂ ಅಲ್ಲಿಗೇ ನಿಂತಿತು. ಅಭ್ಯಾಸಕ್ಕೆ ಎದುರಿಗೊಬ್ಬರು ಇರಲೇಬೇಕು. “ಅಜ್ಜಾ, ನೀನು ಬರೇ ಚೆಂಡು ಹಾಕು, ಸಾಕು” ಎಂದಳು. ಮನೆಯ ಹಿಂದಿನ ಕಣದಲ್ಲಿ ಎರಡು ಗೂಟ ನೆಟ್ಟು, ಆಳೆತ್ತರಕ್ಕೆ ದನ ಕಟ್ಟುವ ಹಗ್ಗವನ್ನು ಬಿಗಿದುದಾಯಿತು.

ಮೊದಲ ಎಂಟು ದಿನ ಅವಳ ಲಕ್ಷ್ಯವೆಲ್ಲ ತೋಳಿನ ಮೇಲೆ. ದೋಷವಾದರೋ ಕಾಲಿನಲ್ಲಿತ್ತು. ಪದಚ್ಛೇದವನ್ನರಿಯದೆ ಅನ್ವಯಕ್ಕೆ ಕೈಹಾಕುವ ವಿದ್ಯಾರ್ಥಿಗಳನ್ನು ನಾನು ಬಹಳ ಮಂದಿಯನ್ನು ಕಂಡಿರುವೆನು. ಇವಳೂ ಆ ಪಂಗಡದವಳೇ. ಚೆಂಡಿನ ಕೆಳಗೆ ಕಾಲು ಹೋಗಿ ನಿಂತ ಮೇಲೆಯೇ ಕೈ ಬೀಸತಕ್ಕದ್ದೆಂದು ಹೇಳಿ, ಮೂರು ದಿನ ಬ್ಯಾಟನ್ನೇ ಕೊಡದೆ ಬರಿಗೈಯಲ್ಲಿ ಚೆಂಡು ಹಿಡಿಸಿದೆನು. ಮುನಿಸಿಕೊಂಡಳು; ಆದರೂ ಹಿಡಿದಳು. ಇನ್ನು ಗಾಳಿಯ ಮಾತು. ಆಷಾಢದಲ್ಲಿ ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಈ ಹಗುರವಾದ ಚೆಂಡು ಎತ್ತಲೋ ಹಾರಿಹೋಗುವುದು. ಆದುದರಿಂದ ಗಾಳಿ ಏಳುವ ಮುನ್ನ, ಬೆಳಗಿನ ಆರು ಗಂಟೆಗೇ ನಮ್ಮ ಪಾಠ.

ಮನೆಯಾಕೆಗೆ ಇದು ಸೊಗಸಲಿಲ್ಲ. “ವಯಸ್ಸಿಗೆ ಬಂದ ಹುಡುಗಿ ಹೀಗೆ ಬಯಲಲ್ಲಿ ಕುಣಿದರೆ ನೋಡಿದವರು ಏನಂದಾರು?” ಎಂದಳು. ದಂಡಿಯ ದಶಕುಮಾರಚರಿತದಲ್ಲಿ ರಾಜಪುತ್ರಿ ಕಂದುಕಾವತಿಯು ಜನರೆದುರಿಗೆ ಚೆಂಡಾಡಿಯೇ ದೇವಿಯನ್ನು ಆರಾಧಿಸಿದಳೆಂದು ನಾನು ಹೇಳಿದೆನು.

“ಆಕೆ ರಾಜಕುಮಾರಿ. ಅಂಗಳ ಗುಡಿಸೋಕೆ ಬೇರೆಯವರಿದ್ದರು” ಎಂದು ಥಟ್ಟನೆ ಉತ್ತರ ಬಂದಿತು.

ಈ ಆಕ್ಷೇಪಕ್ಕೆ ದಂಡಿಯಲ್ಲಿ ಸಮಾಧಾನ ದೊರೆಯದು. ಅಂದಿನಿಂದ ಅಂಗಳದ ಕಸಬರಿಗೆ ನನ್ನ ಕೈಗೆ ಬಂದಿದೆ. ಎದುರುಮನೆಯವರು ಎರಡು ದಿನ ನಕ್ಕು ಸುಮ್ಮನಾದರು.

ಶನಿವಾರ ಆಯ್ಕೆ. ಅದಕ್ಕೆ ಮುಂಚೆ ಚೆಂಡು ಕೆಳಗೆ ಬೀಳದಂತೆ ಐವತ್ತು ಸಲ ಹಿಂದಿರುಗಿಸಬೇಕೆಂದು ಅವಳ ಸಂಕಲ್ಪ. ನಿನ್ನೆ ನಲವತ್ತಮೂರಕ್ಕೆ ಗಾಳಿ ಎದ್ದಿತು. ನಾಳೆ ಐದೂವರೆಗೇ ಎಬ್ಬಿಸಬೇಕೆಂದು ನನಗೆ ಅಪ್ಪಣೆಯಾಗಿದೆ.